ಆರೋಗ್ಯ ಪ್ರಶ್ನೋತ್ತರ: ಗೋಡಿನಡಿ ಮಲಗಿದ ಆಮೆ ಸತ್ತಿರುವುದಿಲ್ಲ

ಪಶುವೈದ್ಯನಾದ ನನ್ನ ಈ ಅಂಕಣಕ್ಕೆ ಬರುವ ಕಾಗದಗಳೆಲ್ಲ ಹೆಚ್ಚುಕಡಿಮೆ ಹಸು, ಎಮ್ಮೆ, ಕುರಿಗಳದ್ದು. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಗಬ್ಬ ನಿಲ್ಲದಿರುವುದು. ಈ ಸಲ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯಿಂದ ಆಮೆಯ ವಿಚಾರವಾಗಿ ಪತ್ರ ಬಂದಿದೆ. ಆಮೆಯ ಬಗ್ಗೆಯೇ ಬಂದಿದ್ದ ಇನ್ನೂ ಕೆಲವು ಪ್ರಶ್ನೆಗಳನ್ನು ಅದರ ಜೊತೆ ಸೇರಿಸಿಕೊಂಡಿದ್ದೇನೆ. ಕೆರೆಗಳಲ್ಲಿ ಹೂಳೆತ್ತುವ ಕಾಲ ಇದು. ಮಳೆ ಬಿದ್ದ ಮೇಲೆ ಉತ್ತರ ಬರೆದರೆ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮೂರ ಕೆರೆ ಬತ್ತಿ ಒಂದೂವರೆ ತಿಂಗಳಾಯಿತು. ತೆಂಗಿನ ತೋಟಕ್ಕೆ ಗೋಡು ಹೊಡೆಸುತ್ತಿದ್ದೇವೆ. ಮೊನ್ನೆ ಜೆಸಿಬಿ ಬಕೆಟ್‌ನಲ್ಲಿ ಮಣ್ಣಿನ ಜೊತೆ ಮೂರು ಆಮೆ ಬಂದವು. ಕಲ್ಲಿನ ಹಾಗೆ ಮಿಸುಕದೆ ಬಿದ್ದಿದ್ದವು. ಸತ್ತಿವೆ ಎಂದು ಟ್ರ್ಯಾಕ್ಟರ್ ಹುಡುಗರು ದಡಕ್ಕೆ ಎಸೆದರು. ಸಂಜೆ ಹೋಗಿ ನೋಡಿದರೆ ಒಂದು ಕತ್ತು ಹೊರಗೆ ಚಾಚಿತ್ತು. ಮನೆಗೆ ತಂದು ಬಾನಿಯ ತುಂಬ ನೀರು ಬಿಟ್ಟು ಅದರಲ್ಲಿ ಹಾಕಿದ್ದೇವೆ. ಅನ್ನ, ಬಾಳೆಹಣ್ಣು ಯಾವುದನ್ನೂ ಮುಟ್ಟುತ್ತಿಲ್ಲ. ಏನು ಕಾಯಿಲೆ ಡಾಕ್ಟ್ರೇ? ಯಾವ ಔಷಧಿ ಕೊಡಬೇಕು?
(ರೈತರೊಬ್ಬರು, ವಿರೂಪಾಕ್ಷಿಪುರ ಹೋಬಳಿ)

ಉತ್ತರ: ಇವರಿಗೆ ಫೋನಿನಲ್ಲೇ ಹೇಳಿದ ಮೊದಲ ಮಾತು: ಬಾನಿಯ ನೀರು ಚೆಲ್ಲಿ. ಎರಡು ಬೆರಳಷ್ಟು ನೀರು ಉಳಿದರೆ ಸಾಕು. ನಿದ್ದೆಯಿಂದ ಆಗತಾನೆ ಎದ್ದ ಆಮೆಗೆ ಈಜುವ ಶಕ್ತಿ ಇರುವುದಿಲ್ಲ. ಅದು ಉಸಿರಾಡುವುದು ನಮ್ಮ ಹಾಗೆ ಶ್ವಾಸಕೋಶದಿಂದ. ಮೂಗು ನೀರಿನ ಮೇಲಕ್ಕೆ ಬರದಿದ್ದರೆ ಆಮೆಯೂ ಮುಳುಗಿ ಸಾಯುತ್ತದೆ. ಪಾಪ ಎಂದು ಬಾವಿಗೋ ನಾಲೆಗೋ ಎಸೆಯುವವರು ತಿಳಿಯದೆ ಅದನ್ನು ಕೊಲ್ಲುತ್ತಿದ್ದಾರೆ.

ಇನ್ನು ಕಾಯಿಲೆಯ ಮಾತು. ಕಾಯಿಲೆ ಏನೂ ಇಲ್ಲ, ಅದು ಮಲಗಿತ್ತು. ಹಿಮ ಬೀಳುವ ದೇಶಗಳಲ್ಲಿ ಆಮೆಗಳು ಚಳಿಗಾಲ ಪೂರ್ತಿ ಮಣ್ಣಿನಡಿ ಮಲಗಿ, ವಸಂತದ ಬಿಸಿಲು ತಾಗಿದಾಗ ಏಳುತ್ತವೆ. ನಮ್ಮ ಕಡೆ ಅಂಥ ಚಳಿ ಎಲ್ಲಿದೆ? ಧನುರ್ಮಾಸದ ಬೆಳಗಿನಲ್ಲಿ ನಮ್ಮ ಆಮೆ ಸ್ವಲ್ಪ ಮಂಕಾಗುತ್ತದೆ, ಅಷ್ಟೆ. ನಮ್ಮಲ್ಲಿ ಅದಕ್ಕೆ ಕಷ್ಟಕಾಲ ಬೇಸಿಗೆ. ಕೆರೆಯ ನೀರು ಅಂಗಳದಿಂದ ಹಿಂದೆ ಸರಿಯುತ್ತಾ ಕೊನೆಗೆ ಏರಿಯ ಬುಡದಲ್ಲಿ, ತೂಬಿನ ಹತ್ತಿರ ಒಂದಿಷ್ಟು ಕೆಸರಾಗಿ ನಿಲ್ಲುತ್ತದೆ. ಆಮೆಯೂ ನೀರಿನ ಹಿಂದೆಯೇ ಬಂದು ಆ ಕೆಸರಿನೊಳಗೆ ಹುದುಗಿಕೊಳ್ಳುತ್ತದೆ. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟರೂ ಒಳಗೆ ತೇವ ಇರುತ್ತದೆ. ಆ ತೇವವನ್ನು ನಂಬಿ, ಉಣ್ಣದೆ, ಅಲುಗಾಡದೆ ಮಳೆಗಾಗಿ ಕಾಯುತ್ತದೆ. ಇದು ಬೇಸಿಗೆ ನಿದ್ದೆ. ಈ ನಿದ್ದೆಯಲ್ಲಿ ಎದೆಬಡಿತ, ಉಸಿರು ಎಲ್ಲವೂ ತೀರಾ ನಿಧಾನ. ಮುಟ್ಟಿದ ಕೂಡಲೇ ಮಿಸುಕಲಿಲ್ಲ ಎಂದು ಸತ್ತಿದೆ ಎನ್ನಬಾರದು.

ಇವರು ಕಳಿಸಿದ ಚಿತ್ರ ನೋಡಿದೆ. ಚಿಪ್ಪಿನ ಮೇಲೆ ಚರ್ಮದ ಹೊದಿಕೆ, ಸಣ್ಣ ಕೊಳವೆಯಂತೆ ಮುಂದೆ ಚಾಚಿದ ಮೂಗು, ಕಾಲಿಗೆ ಮೂರು ಮೂರೇ ಉಗುರು. ಇದು ಫ್ಲ್ಯಾಪ್‌ಶೆಲ್ ಎಂಬ ಮೆತ್ತನೆ ಚಿಪ್ಪಿನ ಕೆರೆಯಾಮೆ. ಆ ಹೆಸರು ಬಂದದ್ದು ಅದರ ಹೊಟ್ಟೆಯ ಕಡೆ ಇರುವ ಚರ್ಮದ ಮಡಿಕೆಗಳಿಂದ. ಹಿಂಗಾಲನ್ನು ಒಳಗೆಳೆದುಕೊಂಡು ಆ ಮಡಿಕೆಯನ್ನು ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತದೆ. ನರಿ, ನಾಯಿಯ ಬಾಯಿಗೆ ಕಾಲು ಸಿಗುವುದಿಲ್ಲ, ಮೈಯ ತೇವವೂ ಬೇಗ ಆರುವುದಿಲ್ಲ. ನನ್ನ ಮಟ್ಟಿಗೆ ಬೇಸಿಗೆ ಕಳೆಯಲು ಇದಕ್ಕಿಂತ ಚೆನ್ನಾದ ಏರ್ಪಾಟನ್ನು ಬೇರೆ ಯಾವ ಪ್ರಾಣಿಯಲ್ಲೂ ನೋಡಿಲ್ಲ.

ಬದುಕಿದೆಯೇ ಎಂದು ತಿಳಿಯಲು ಹೀಗೆ ಮಾಡಿ. ಮೈಮೇಲಿನ ಮಣ್ಣನ್ನು ಕೆರೆಯಬೇಡಿ, ಒದ್ದೆ ಬಟ್ಟೆಯಿಂದ ನೆನೆಸಿ. ನೆರಳಿನಲ್ಲಿ, ಎರಡು ಬೆರಳು ನೀರಿರುವ ತೊಟ್ಟಿಯಲ್ಲಿಟ್ಟು ದೂರ ಕುಳಿತುಕೊಳ್ಳಿ. ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಆಮೆಯ ಮುಂದೆ ಕುಳಿತಿದ್ದೆ. ಅರ್ಧ ಗಂಟೆ ಏನೂ ಇಲ್ಲ. ಹೂಳುವುದಕ್ಕೆ ಗುಂಡಿ ತೋಡಲು ಮನೆಯವರು ಗುದ್ದಲಿ ತಂದಿದ್ದರು. ಹುಲ್ಲುಕಡ್ಡಿಯಿಂದ ಹಿಂಗಾಲಿನ ಬೆರಳ ಸಂದಿಯನ್ನು ಸವರಿದೆ. ಕಾಲು ಅಲ್ಲಾಡಲಿಲ್ಲ. ಮಡಿಕೆಯ ಅಂಚು ಮಾತ್ರ ಅಕ್ಕಿಕಾಳಿನಷ್ಟು ಒಳಗೆ ಸರಿಯಿತು. ಮತ್ತೆ ಸವರಿದೆ, ಮತ್ತೆ ಸರಿಯಿತು. ಆಮೇಲೆ ಮೂಗಿನ ತುದಿಯಲ್ಲಿ ಒಂದು ನೀರಗುಳ್ಳೆ ಎದ್ದು ಒಡೆಯಿತು. ಗುದ್ದಲಿ ಒಳಗೆ ಹೋಯಿತು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಕಣ್ಣು ಗುಳಿಬಿದ್ದು, ವಾಸನೆ ಬಂದು, ಇರುವೆ ಮುತ್ತುವವರೆಗೆ ಆಮೆಯನ್ನು ಸತ್ತಿದೆ ಎನ್ನುವುದಿಲ್ಲ. ಒಂದು ದಿನವಾದರೂ ಕಾಯಬೇಕು.

ಊಟದ ಚಿಂತೆ ಬೇಡ. ಮಲಗಿದ್ದಷ್ಟು ದಿನ ಮೈಯಲ್ಲಿ ಹುಟ್ಟಿದ ಕಶ್ಮಲ ಮೂತ್ರದಲ್ಲಿ ಹೊರಗೆ ಹೋಗಿರುವುದಿಲ್ಲ, ಒಳಗೇ ಕೂಡಿಕೊಂಡಿರುತ್ತದೆ. ಮೊದಲು ನೀರು ಕುಡಿದು ಅದನ್ನು ತೊಳೆದುಕೊಳ್ಳಬೇಕು, ಆಮೇಲೆ ಹಸಿವು. ಅದೂ ಅಲ್ಲದೆ ಕೆರೆಯಾಮೆಯ ಊಟ ಕಪ್ಪೆ, ಬಸವನಹುಳು, ಮೀನು, ಸತ್ತ ಪ್ರಾಣಿ, ನೀರಿನ ಗಿಡ. ಬಾಯಿ ಬಿಡಿಸಿ ಅನ್ನ ತುರುಕಬೇಡಿ, ಹಾಲು ಹಾಕಬೇಡಿ, ಬಿಸಿಲಲ್ಲಿ ಕಾಯಿಸಬೇಡಿ. ಎತ್ತುವಾಗ ಚಿಪ್ಪಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಇದರ ಕತ್ತು ನೀವು ಅಂದುಕೊಂಡದ್ದಕ್ಕಿಂತ ಉದ್ದ, ಕಚ್ಚಿದರೆ ಬಿಡುವುದಿಲ್ಲ. ಹಾಗೇನಾದರೂ ಕಚ್ಚಿದರೆ ಎಳೆದಾಡದೆ ಕೈಸಮೇತ ನೀರಲ್ಲಿ ಅದ್ದಿ, ತಾನಾಗಿ ಬಿಡುತ್ತದೆ. ಗಾಯವನ್ನು ಸೋಪು ಹಚ್ಚಿ ತೊಳೆದು ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಗಾಯವಿಲ್ಲದ ಆಮೆಗೆ ಮನೆ ಬೇಡ, ಅದೇ ಕೆರೆ ಬೇಕು. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ತಿಳಿಸಿ. ಅವರು ಬಿಡಿ ಎಂದರೆ, ಅಗೆಯುವ ಜಾಗದಿಂದ ದೂರ, ಇನ್ನೂ ತೇವ ಇರುವ ಕೆಸರಿನ ಮೇಲೆ ಸೂರ್ಯ ಮುಳುಗಿದ ಮೇಲೆ ಬಿಡಿ. ತಾನೇ ಬಗೆದುಕೊಂಡು ಒಳಗೆ ಹೋಗುತ್ತದೆ.

ಪ್ರಶ್ನೆ: ಬಕೆಟ್ಟಿನ ಹಲ್ಲು ತಾಗಿ ಚಿಪ್ಪು ಸೀಳಿದೆ. ಅರಿಶಿನ ಮೆತ್ತಿ ಗಮ್ ಹಾಕಿದರೆ ಕೂಡಿಕೊಳ್ಳುತ್ತದೆಯೇ?

ಉತ್ತರ: ಗಮ್ ಬೇಡವೇ ಬೇಡ. ಚಿಪ್ಪು ಮೂಳೆ. ನಮ್ಮ ಪಕ್ಕೆಲುಬು, ಬೆನ್ನುಮೂಳೆಗಳಂತೆಯೇ ಅದರಲ್ಲಿ ರಕ್ತ ಓಡಾಡುತ್ತದೆ, ನೋವು ತಿಳಿಯುತ್ತದೆ. ಒಳಗೆ ಕೊಳೆ ಉಳಿದು ಮೇಲೆ ಗಮ್ ಮುಚ್ಚಿದರೆ ಒಳಗೇ ಕೀವಾಗುತ್ತದೆ. ಕುದಿಸಿ ಆರಿಸಿದ ನೀರಿನಿಂದ ಮಣ್ಣು ಹೋಗಿಸಿ, ಪೊವಿಡೋನ್ ಅಯೋಡಿನ್ ಅನ್ನು ತೆಳ್ಳಗೆ, ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ ಹಚ್ಚಿ. ಒದ್ದೆ ಗೋಣಿಚೀಲ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಗಾಳಿಗೆ ತೂತು ಮಾಡಿ, ನೊಣ ಕೂರದಂತೆ ಬಟ್ಟೆ ಮುಚ್ಚಿ. ನೊಣ ಮೊಟ್ಟೆ ಇಟ್ಟರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಅದೇ ದಿನ ಅರಣ್ಯ ಇಲಾಖೆಯವರ ಮೂಲಕ ಪಶುವೈದ್ಯರ ಬಳಿ ತಲುಪಿಸಿ. ಮೂಳೆ ಕೂಡುವುದಕ್ಕೆ ತಿಂಗಳುಗಳೇ ಬೇಕು, ಆದರೆ ಕೂಡುತ್ತದೆ.

ಪ್ರಶ್ನೆ: ಮೊಮ್ಮಗ, ನಾಲ್ಕು ವರ್ಷ. ಹೋದ ವಾರ ಮಳೆ ಬಂದ ರಾತ್ರಿ ರಸ್ತೆ ದಾಟುತ್ತಿದ್ದ ಸಣ್ಣ ಆಮೆಯನ್ನು ನನ್ನ ಮಗ ಹಿಡಿದು ತಂದ. ಹುಡುಗ ದಿನವೆಲ್ಲ ಅದರ ಜೊತೆಯೇ. ಮೂರನೇ ದಿನಕ್ಕೆ ಜ್ವರ, ವಾಂತಿ, ಭೇದಿ. ಆಮೆ ಮಾತ್ರ ಚೆನ್ನಾಗಿದೆ. ದೃಷ್ಟಿಯಾಗಿದೆ ಎನ್ನುತ್ತಾರೆ. ಆಮೆಯನ್ನು ಸೇದೋಬಾವಿಗೆ ಬಿಟ್ಟರೆ ನೀರಾದರೂ ಶುದ್ಧವಾಗುತ್ತದೆ ಎಂದೂ ಹೇಳುತ್ತಾರೆ.
(ಅಜ್ಜಿ, ಚನ್ನಪಟ್ಟಣ)

ಉತ್ತರ: ಅಮ್ಮ, ಮಗುವನ್ನು ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಆಮೆ ಇತ್ತು ಎಂಬುದನ್ನು ಮರೆಯದೆ ಹೇಳಿ, ನೀವು ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಟೈಫಾಯಿಡ್ ತರುವ ರೋಗಾಣುವಿನ ದಾಯಾದಿ ಅದು. ಆಮೆಗೆ ಅದರಿಂದ ಏನೂ ಆಗುವುದಿಲ್ಲ, ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದರ ಹೇಲು ಬೆರೆತ ನೀರು, ಚಿಪ್ಪು, ತೊಟ್ಟಿಯ ಅಂಚು, ಎಲ್ಲೆಲ್ಲೂ ಅಂಟಿಕೊಂಡಿರುತ್ತದೆ. ಮಗು ಮುಟ್ಟಿದ ಕೈಯನ್ನು ಬಾಯಿಗೆ ಹಾಕುತ್ತದೆ. ಆರು ಗಂಟೆಯಿಂದ ಆರು ದಿನದೊಳಗೆ ಭೇದಿ, ಹೊಟ್ಟೆನೋವು, ಜ್ವರ ಶುರುವಾಗುತ್ತದೆ. ಮೂರನೇ ದಿನ ಎಂದಿರಲ್ಲ, ಲೆಕ್ಕ ಸರಿಹೊಂದುತ್ತದೆ. ಈ ಕಾರಣಕ್ಕೇ ಅಮೆರಿಕದಲ್ಲಿ 4 ಅಂಗುಲಕ್ಕಿಂತ ಸಣ್ಣ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಿದರು. ಸಣ್ಣ ಆಮೆಯನ್ನು ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಡಾಕ್ಟರ್ ನೋಡುವವರೆಗೂ ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಿರಿ. ಮೆಡಿಕಲ್ ಸ್ಟೋರಿನಿಂದ ಭೇದಿ ನಿಲ್ಲಿಸುವ ಮಾತ್ರೆ, ಆ್ಯಂಟಿಬಯೋಟಿಕ್ ತಂದು ನೀವೇ ಕೊಡಬೇಡಿ. ಹೇಲಿನಲ್ಲಿ ರಕ್ತ, ಉಚ್ಚೆ ಕಡಿಮೆಯಾಗುವುದು, ಕಣ್ಣು ಗುಳಿಬೀಳುವುದು, ಮಗು ಮಂಪರಿಗೆ ಜಾರುವುದು ಕಂಡರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಹೊರಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ನಿಮ್ಮಂಥ ಹಿರಿಯರು ಇರುವ ಮನೆಯಲ್ಲಿ ಆಮೆ ಇರಬಾರದು. ಮುಟ್ಟಿದವರೆಲ್ಲ ಸೋಪಿನಿಂದ ಕೈ ತೊಳೆಯಿರಿ, ತೊಟ್ಟಿಯ ನೀರನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಚೆಲ್ಲಬೇಡಿ.

ಬಾವಿಯ ಮಾತು ಹಳೆಯದು, ತಪ್ಪು ಕೂಡ. ಈಗತಾನೆ ಹೇಳಿದ ರೋಗಾಣುವನ್ನೇ ಕುಡಿಯುವ ನೀರಿಗೆ ಬಿಟ್ಟಂತಾಗುತ್ತದೆ. ಆಮೆಗೂ ಅದು ಜೈಲು. ಬಿಸಿಲು ಕಾಯಲು ದಡವಿಲ್ಲ, ಮೊಟ್ಟೆ ಇಡಲು ಮಣ್ಣಿಲ್ಲ. ನಿಮ್ಮ ಮಗನಿಗೆ ಹೇಳಿ: ಮೊದಲ ಮಳೆಗೆ ರಸ್ತೆ ದಾಟುವ ಆಮೆ ದಾರಿ ತಪ್ಪಿದ್ದಲ್ಲ, ನೀರು ಹುಡುಕಿ ಹೊರಟದ್ದು. ಅದು ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆಯ ಅಂಚಿಗೆ ದಾಟಿಸಿದರೆ ಸಾಕು. ಬೈಕ್ ನಿಲ್ಲಿಸುವ ಮುನ್ನ ಹಿಂದೆ ವಾಹನ ಇದೆಯೇ ಎಂದು ನೋಡಿಕೊಳ್ಳಲಿ.

ಪ್ರಶ್ನೆ: ಮೂಲವ್ಯಾಧಿಗೆ ಆಮೆ ಮಾಂಸ ರಾಮಬಾಣ ಎನ್ನುತ್ತಾರೆ. ನಿಜವೇ?

ಉತ್ತರ: ಸುಳ್ಳು. ಮೂಲವ್ಯಾಧಿ ಎಂದರೆ ಗುದದ್ವಾರದ ರಕ್ತನಾಳಗಳು ಊದಿಕೊಳ್ಳುವುದು. ಮಲಬದ್ಧತೆ, ಮುಕ್ಕರಿಯುವುದು, ನೀರು ಕಡಿಮೆ ಕುಡಿಯುವುದು ಅದನ್ನು ಹೆಚ್ಚಿಸುತ್ತವೆ. ಯಾವ ಮಾಂಸವೂ ಅದನ್ನು ವಾಸಿಮಾಡದು. ಸೊಪ್ಪಿನ ಸಾರು, ರಾಗಿಮುದ್ದೆ, ಸಾಕಷ್ಟು ನೀರು ಸಹಾಯ ಮಾಡುತ್ತವೆ. ರಕ್ತ ಹೋಗುತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ತೋರಿಸಿ. ಮೂಲವ್ಯಾಧಿ ಎಂದುಕೊಂಡದ್ದು ಕರುಳಿನ ಕ್ಯಾನ್ಸರ್ ಆಗಿರುವುದೂ ಉಂಟು.

ಇನ್ನೊಂದು ಮಾತು. ಕೆರೆಯಾಮೆ, ನಕ್ಷತ್ರ ಆಮೆ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಜೊತೆ. ಕೊಂದರೆ, ಮಾರಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಇಪ್ಪತ್ತು ಉಗುರಿನ ಆಮೆ ಇದ್ದರೆ ಲಕ್ಷ ಲಕ್ಷ ಕೊಡುತ್ತೇವೆಂದು ಹಳ್ಳಿಗೆ ಬರುವವರ ಮಾತು ನಂಬಬೇಡಿ. ನಮ್ಮ ಕೆರೆಯಾಮೆಗೆ ಇರುವುದೇ ಹನ್ನೆರಡು ಉಗುರು.

ಪ್ರಶ್ನೆ: ಮಗಳ ಬಾಣಂತನಕ್ಕೆ ಇಂಗ್ಲೆಂಡಿಗೆ ಬಂದಿದ್ದೇನೆ. ಅಳಿಯಂದಿರು ಒಂದು ನೆಲದಾಮೆ ಸಾಕಿದ್ದಾರೆ. ಚಳಿಗಾಲವೆಲ್ಲ ಪೆಟ್ಟಿಗೆಯಲ್ಲಿಟ್ಟು ಫ್ರಿಜ್ಜಿನೊಳಗೆ ಇಟ್ಟಿದ್ದರು! ಮಾರ್ಚ್‌ನಲ್ಲಿ ಹೊರಗೆ ತೆಗೆದು ತೋಟಕ್ಕೆ ಬಿಟ್ಟರು. ನಾಲ್ಕು ದಿನವಾಯಿತು, ಎಲೆ ಮುಟ್ಟಿಲ್ಲ.

ಉತ್ತರ: ಗಾಬರಿಯಾಗಬೇಡಿ, ಅಲ್ಲಿ ಅದು ರೂಢಿ. ಸುಮಾರು 5 ಡಿಗ್ರಿಯಲ್ಲಿ ಇಟ್ಟರೆ ಆ ಆಮೆ ಕ್ಷೇಮವಾಗಿ ಮಲಗುತ್ತದೆ. 10 ಡಿಗ್ರಿ ದಾಟಿದರೆ ಎಚ್ಚರವಾಗತೊಡಗುತ್ತದೆ. ತೊಂದರೆ ಬರುವುದು ಎದ್ದ ಮೇಲೆ. ಮೈ ಬೆಚ್ಚಗಾಗದೆ ಆಮೆಗೆ ಹಸಿವಾಗದು, ತಿಂದರೂ ಅರಗದು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ, ಗಲ್ಲದ ಕೆಳಗೆ ನಿಲ್ಲುವಷ್ಟು ಆಳಕ್ಕೆ, ಕಾಲು ಗಂಟೆ ಕೂರಿಸಲಿ. ನೀರು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ಅದೇ ಮೊದಲ ಚಿಕಿತ್ಸೆ. ಆಮೇಲೆ ಶಾಖದ ದೀಪದಡಿ ಬಿಡಲಿ. ತೂಕ ನೋಡಲಿ: ನಿದ್ದೆಯಲ್ಲಿ ತಿಂಗಳಿಗೆ ನೂರಕ್ಕೆ ಒಂದು ಪಾಲು ಇಳಿಯುವುದು ಸಹಜ, ಒಟ್ಟು ಹತ್ತು ಪಾಲು ಇಳಿದಿದ್ದರೆ ತೊಂದರೆ. ವಾರದೊಳಗೆ ತಿನ್ನದಿದ್ದರೆ, ಕಣ್ಣು ಊದಿಕೊಂಡರೆ, ಮೂಗಿನಿಂದ ಗುಳ್ಳೆ ಬರುತ್ತಲೇ ಇದ್ದರೆ, ಬಾಯೊಳಗೆ ಹಳದಿ ಪೊರೆ ಕಂಡರೆ ಅಲ್ಲಿನ ಪಶುವೈದ್ಯರಿಗೆ ತೋರಿಸಲಿ. ನೀವು ಮಾತ್ರ ಆಮೆ ಮುಟ್ಟಿದ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳಬೇಡಿ.

ಕೊನೆಗೆ ಪಂಚಾಯಿತಿಯವರಲ್ಲಿ, ಟ್ರ್ಯಾಕ್ಟರ್ ಜೆಸಿಬಿ ನಡೆಸುವವರಲ್ಲಿ ಒಂದು ಕೋರಿಕೆ. ಇಗ್ಗಲೂರಿನ ಬ್ಯಾರೇಜಿನಿಂದ ಶಿಂಷಾ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವುದಕ್ಕೆ ಶುರುವಾದ ಮೇಲೆ ಹೂಳೆತ್ತುವುದು ಇನ್ನೂ ಮುಖ್ಯವಾಗಿದೆ, ಅದನ್ನು ನಿಲ್ಲಿಸಿ ಎಂದು ಹೇಳುತ್ತಿಲ್ಲ. ಏರಿಯ ಬುಡದಲ್ಲಿ ಕೊನೆಗೆ ತೇವ ಉಳಿಯುವ ಪಟ್ಟಿಯನ್ನು, ಹತ್ತಿಪ್ಪತ್ತು ಹೆಜ್ಜೆ ಅಗಲವಾದರೂ, ಭರಣಿ ಮಳೆ ಬೀಳುವವರೆಗೆ ಮುಟ್ಟಬೇಡಿ. ಬಕೆಟ್ಟಿನಲ್ಲಿ ಗುಂಡನೆಯ ಕಲ್ಲಿನಂಥದ್ದು ಬಂದರೆ ಎಸೆಯುವ ಮುನ್ನ ಒಮ್ಮೆ ಇಳಿದು ನೋಡಿ.