ಬೆಕ್ಕಿಗೆ ನೆಗಡಿಯಾದರೆ: ಮದ್ದಿನಷ್ಟೇ ಮುಖ್ಯ ಊಟ

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ಒಬ್ಬ ತಾಯಿ ಹತ್ತು ವರ್ಷದ ಮಗನೊಂದಿಗೆ ಬಂದರು. ಹುಡುಗನ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಬೆಕ್ಕು. ಅದರ ಕಣ್ಣುಗಳು ಪಿಸುರಿನಿಂದ ಅಂಟಿಕೊಂಡಿದ್ದವು, ಮೂಗು ಕಟ್ಟಿತ್ತು. "ಡಾಕ್ಟ್ರೇ, ನಮಗೆ ಕೊಡುವ ಜೋಶಾಂದವನ್ನೇ ಇದಕ್ಕೂ ಸ್ವಲ್ಪ ಕೊಡಿ. ನಿನ್ನೆಯಿಂದ ಮೀನು ಇಟ್ಟರೂ ಮೂಸುವುದಿಲ್ಲ" ಎಂದರು. ಮೈ ಬಿಸಿಯಿದೆಯೆಂದು ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಕೆಂದಿದ್ದರಂತೆ. ಅಲ್‌ಹಮ್ದುಲಿಲ್ಲಾಹ್, ಇನ್ನೂ ಕೊಟ್ಟಿರಲಿಲ್ಲ.

ನಾನು ಕಲಿತದ್ದು ಮನುಷ್ಯರ ಚಿಕಿತ್ಸೆ. ಹಾಗಾಗಿ ಅವರನ್ನು ಪಶುವೈದ್ಯರ ಬಳಿಗೆ ಕಳುಹಿಸಿದೆ. ಆದರೆ ಈ ಕಾಯಿಲೆಯಲ್ಲಿ ಬೆಕ್ಕನ್ನು ಉಳಿಸುವ ಕೆಲಸದ ದೊಡ್ಡ ಪಾಲು ಮನೆಯವರದ್ದೇ. ಅದನ್ನು ಎಲ್ಲ ಓದುಗರೂ ತಿಳಿದಿರುವುದು ಒಳ್ಳೆಯದು.

ಇದು ಯಾವ ನೆಗಡಿ?

ಬೆಕ್ಕಿನ ಫ್ಲೂ ನಮ್ಮ ಫ್ಲೂ ಅಲ್ಲ. ಬೆಕ್ಕುಗಳ ಹರ್ಪಿಸ್ ವೈರಸ್ ಮತ್ತು ಕ್ಯಾಲಿಸಿ ವೈರಸ್ ಇದರ ಮುಖ್ಯ ಕಾರಣಗಳು. ಇವು ಮನುಷ್ಯರಿಗೆ ಹರಡುವುದಿಲ್ಲ. ಸೀನು, ಕಣ್ಣು-ಮೂಗು ಸೋರುವುದು, ಜ್ವರ, ಮಂಕು ಇದರ ಲಕ್ಷಣಗಳು. ಕ್ಯಾಲಿಸಿ ವೈರಸ್‌ನಿಂದ ನಾಲಗೆಯ ಮೇಲೆ ಹುಣ್ಣಾಗಿ ಜೊಲ್ಲು ಸುರಿಯುತ್ತದೆ. ಹೆಚ್ಚಿನ ಬೆಕ್ಕುಗಳು ಒಂದರಿಂದ ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಮರಿಗಳಿಗೆ, ಮುದಿ ಬೆಕ್ಕುಗಳಿಗೆ ಅಪಾಯ ಹೆಚ್ಚು.

ತಟ್ಟೆ ತುಂಬಿದ್ದರೂ ಹಸಿವು

ಬೆಕ್ಕು ಊಟವನ್ನು ಗುರುತಿಸುವುದು ವಾಸನೆಯಿಂದ. ಮೂಗು ಕಟ್ಟಿದರೆ ಎದುರಿಗಿಟ್ಟ ಮೀನೂ ಅದಕ್ಕೆ ಊಟವೆನಿಸುವುದಿಲ್ಲ. ಬಾಯಲ್ಲಿ ಹುಣ್ಣಿದ್ದರೆ ತಿನ್ನಲು ನೋವು. ಎರಡು ಮೂರು ದಿನ ಹೀಗೇ ಉಪವಾಸವಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು.

ಬೆಕ್ಕನ್ನು ಕೂಡಿಹಾಕಿ ಅನ್ನ-ನೀರು ಕೊಡದೆ ಸಾಯಿಸಿದ ಮಹಿಳೆಗೆ ಶಿಕ್ಷೆಯಾದ ವಿಚಾರವನ್ನು ಪ್ರವಾದಿ(ಸ)ರವರು ತಿಳಿಸಿದ ಹದೀಸ್ ನಮಗೆಲ್ಲ ಗೊತ್ತು. "ನಾವು ಇಟ್ಟಿದ್ದೆವು, ಅದೇ ತಿನ್ನಲಿಲ್ಲ" ಎಂದರೆ ನಮ್ಮ ಹೊಣೆ ಮುಗಿಯಿತೇ? ತಿನ್ನುವಂತೆ ಮಾಡುವುದೂ ಹೊಣೆಯೇ.

ಯುನಾನಿಯಲ್ಲಿ ದವಾ ಎಷ್ಟು ಮುಖ್ಯವೋ ಗಿಝಾ ಅಂದರೆ ಆಹಾರ, ತದ್‌ಬೀರ್ ಅಂದರೆ ಆರೈಕೆಯ ಕ್ರಮಗಳೂ ಅಷ್ಟೇ ಮುಖ್ಯ. ಈ ಕಾಯಿಲೆಯಲ್ಲಿ ಮನೆಯವರ ಕೈಯಲ್ಲಿರುವುದು ಇವೆರಡೇ.

ಮನೆಯ ಆರೈಕೆ

1. ಒಂದು ಲೋಟ ಕುದಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು ಹಾಕಿ, ಹತ್ತಿಯನ್ನು ಅದ್ದಿ ಕಣ್ಣು, ಮೂಗು ಒರೆಸಿ. ಅಂಟಿದ ಪಿಸುರನ್ನು ಎಳೆಯಬೇಡಿ, ನೆನೆಸಿ ತೆಗೆಯಿರಿ. ಒಂದೊಂದು ಕಣ್ಣಿಗೂ ಬೇರೆ ಹತ್ತಿ ಇರಲಿ.

2. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಹಬೆ ತುಂಬಿದ ಮೇಲೆ ಬೆಕ್ಕಿನೊಂದಿಗೆ 10-15 ನಿಮಿಷ ಕುಳಿತುಕೊಳ್ಳಿ. ದಿನಕ್ಕೆ ಎರಡು ಬಾರಿ ಸಾಕು. ಬಿಸಿನೀರಿನ ಪಾತ್ರೆ ಅದರ ಹತ್ತಿರ ಬೇಡ.

3. ಹಬೆಯಾದ ಕೂಡಲೇ ಊಟ ಕೊಡಿ. ಬೇಯಿಸಿದ ಬಂಗುಡೆ, ಬೂತಾಯಿ ಅಥವಾ ಕೋಳಿಮಾಂಸದ ಮುಳ್ಳು, ಮೂಳೆ ತೆಗೆದು, ನುಣ್ಣಗೆ ಮಾಡಿ, ವಾಸನೆ ಏಳುವಂತೆ ಉಗುರುಬೆಚ್ಚಗೆ ಕೊಡಿ. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಸಾರಿನ ಮೀನನ್ನು ತೊಳೆದು ಕೊಡುವುದೂ ಸರಿಯಲ್ಲ. ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ.

4. ನೀರು ಸದಾ ಹತ್ತಿರವಿರಲಿ. ಬಲವಂತವಾಗಿ ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗಬಹುದು. ಸಿರಿಂಜಿನಲ್ಲಿ ಕೊಡಬೇಕಾದರೆ ಕ್ರಮವನ್ನು ವೈದ್ಯರಿಂದಲೇ ಕಲಿಯಿರಿ.

ಕೊಡಲೇಬಾರದ್ದು

ಪ್ಯಾರಾಸಿಟಮಾಲನ್ನು ನಮ್ಮ ಶರೀರ ಕರಗಿಸಿ ಹೊರಹಾಕುವಂತೆ ಬೆಕ್ಕಿನ ಶರೀರ ಮಾಡಲಾರದು. ಒಂದೇ ಮಾತ್ರೆ ಅದನ್ನು ಕೊಲ್ಲಬಹುದು. ನೀಲಗಿರಿ ಎಣ್ಣೆ, ಕರ್ಪೂರ, ಎದೆಗೆ ಹಚ್ಚುವ ಬಾಮ್ ಕೂಡ ಬೇಡ, ಹಬೆಯ ನೀರಿಗೂ ಹಾಕಬೇಡಿ. ಜೋಶಾಂದ, ಕಲೌಂಜಿ ಎಣ್ಣೆಗಳ ಪ್ರಮಾಣ ಮನುಷ್ಯರಿಗಾಗಿ ಗೊತ್ತುಮಾಡಿದ್ದು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಅವನ್ನು ಬೆಕ್ಕಿಗೆ ಪ್ರಯೋಗಿಸಬೇಡಿ. ಉಳಿದ ಆ್ಯಂಟಿಬಯಾಟಿಕ್ ಕೂಡ ಬೇಡ. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಸೇರಿಕೊಂಡಿದ್ದರೆ ಪಶುವೈದ್ಯರೇ ಬರೆದುಕೊಡುತ್ತಾರೆ.

ಶುಚಿತ್ವ

ಬೆಕ್ಕು ಅಶುದ್ಧವಲ್ಲ, ಅದು ನಮ್ಮ ಸುತ್ತ ಸುಳಿದಾಡುವ ಜೀವಿ ಎಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ವುಝೂವಿನ ನೀರಿಗೆ ಬಾಯಿಟ್ಟ ಬೆಕ್ಕಿಗೆ ಅಬೂ ಕತಾದ(ರ)ರವರು ಪಾತ್ರೆಯನ್ನೇ ಬಾಗಿಸಿ ಕುಡಿಸಿದ್ದರು. ಆದ್ದರಿಂದ ಕಾಯಿಲೆಯ ಬೆಕ್ಕನ್ನು ಹೊರಗೆ ಹಾಕುವುದು ಬೇಡ, ಬೇರೆ ಬೆಕ್ಕುಗಳಿಂದ ದೂರವಿಟ್ಟರೆ ಸಾಕು. ಅದರ ತಟ್ಟೆ, ಹಾಸಿಗೆ ಬೇರೆಯಿರಲಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನೆಲ ಒರೆಸಲು ಫಿನಾಯಿಲ್ ಬೇಡ, ಅದನ್ನು ತುಳಿದ ಪಾದ ನೆಕ್ಕಿದರೆ ಬೆಕ್ಕಿಗೆ ವಿಷವಾಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬ್ಲೀಚ್ ದ್ರಾವಣ ಬೆರೆಸಿ ಒರೆಸಿ, ಹತ್ತು ನಿಮಿಷದ ನಂತರ ಬರೀ ನೀರಿನಿಂದ ತೊಳೆಯಿರಿ. ಒಣಗಿದ ಮೇಲೆ ಬೆಕ್ಕನ್ನು ಬಿಡಿ.

ತಡಮಾಡಬೇಡಿ

ಒಂದು ದಿನ ಪೂರ್ತಿ ತಿನ್ನದಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ಕಣ್ಣು ಮಬ್ಬಾದರೆ, ಮೂಗಿನಿಂದ ಹಳದಿ-ಹಸಿರು ಸಿಂಬಳ ಬಂದರೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಮರಿಗಳಾದರೆ ಅಷ್ಟೂ ಕಾಯಬೇಡಿ. ಲಸಿಕೆ ಕಾಯಿಲೆಯ ತೀವ್ರತೆಯನ್ನು ತಗ್ಗಿಸುತ್ತದೆ. ಮರಿಗೆ ಎಂಟು-ಒಂಬತ್ತು ವಾರಗಳಾದಾಗ ಅದರ ಬಗ್ಗೆ ವಿಚಾರಿಸಿ.

ಆ ಹುಡುಗ ಎರಡು ವಾರಗಳ ಬಳಿಕ ಮತ್ತೆ ಬಂದ. ಮೂರನೆಯ ದಿನ ಬೆಕ್ಕು ಅವನ ಬೆರಳಿನಿಂದ ಮೊದಲ ಚೂರು ಬಂಗುಡೆ ನೆಕ್ಕಿತಂತೆ. ಒಂದು ಕಣ್ಣು ಈಗಲೂ ಆಗಾಗ ಸೋರುತ್ತದೆ. ಹರ್ಪಿಸ್ ವೈರಸ್ ದೇಹದಲ್ಲೇ ಉಳಿದು, ಬೆಕ್ಕು ಗಾಬರಿಯಾದಾಗ ಅಥವಾ ಜಾಗ ಬದಲಾದಾಗ ಮತ್ತೆ ತಲೆಯೆತ್ತಬಹುದು. "ಹಾಗಾದರೆ ಹತ್ತಿ ಯಾವಾಗಲೂ ಮನೆಯಲ್ಲಿ ಇಟ್ಟಿರ್ತೇನೆ ಡಾಕ್ಟ್ರೇ" ಎಂದ ಅವನು.