ಬೊಜ್ಜಿಗೆ ಆಪರೇಶನ್: ಹೆದರಿಕೆಗಳನ್ನು ಅಳೆಯುವುದು ಹೇಗೆ?



ಅಡಿಕೆ ಸುಲಿಯಲು ಕುಳಿತರೆ ಏಳುವಾಗ ಗೋಡೆ ಹಿಡಿಯಬೇಕು. ತೋಟದ ಸಂಕ ದಾಟುವಾಗ ಯಾರಾದರೂ ಕೈ ಕೊಡಬೇಕು. ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಎಚ್ಚರವಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಒಂದಿದ್ದದ್ದು ಮೂರಾಗಿ, ಈಗ ಇನ್ಸುಲಿನ್ ಮಾತು ಬಂದಿದೆ. ಇಂಥ ಒಬ್ಬ ತಾಯಿಗೆ ಮಂಗಳೂರಿನ ಡಾಕ್ಟರು, "ತೂಕ ಇಳಿಸುವ ಆಪರೇಶನ್ ಬಗ್ಗೆ ಮನೆಯಲ್ಲಿ ಮಾತಾಡಿ ನೋಡಿ ಅಮ್ಮಾ" ಎಂದರು ಎಂದಿಟ್ಟುಕೊಳ್ಳಿ. ತಲಪಾಡಿ ದಾಟಿ ಮಂಜೇಶ್ವರ ಬರುವವರೆಗೂ ಬಸ್ಸಿನಲ್ಲಿ ತಾಯಿ ಮಗ ಒಂದು ಮಾತೂ ಆಡುವುದಿಲ್ಲ. ಮನೆ ಮುಟ್ಟಿದ ಮೇಲೆ ಮೊದಲ ಮಾತು, "ಸತ್ತರೂ ಬೇಡ ಮಗಾ."

ಈ ಸಲದ ಪಾಠ ಅಂಥ ಮನೆಗಳಿಗೆ. ಆಪರೇಶನ್ ಮಾಡಿಸಿ ಎಂದು ಒತ್ತಾಯಿಸಲು ಬರೆದದ್ದಲ್ಲ, ಬೇಡವೆನ್ನಲೂ ಅಲ್ಲ. ಹೆದರಿಕೆ ಒಂದೇ ಗಂಟಿನಂತೆ ಕಂಡರೂ ಬಿಚ್ಚಿ ನೋಡಿದರೆ ಅದರೊಳಗೆ ಹಲವು ಬಗೆಯವು ಇರುತ್ತವೆ. ಕೆಲವು ಸುಳ್ಳು ಹೆದರಿಕೆಗಳು. ಕೆಲವು ನಿಜವಾದವು, ಅವಕ್ಕೆ ತಯಾರಿ ಬೇಕು. ಯಾವುದು ಯಾವುದೆಂದು ತಿಳಿಯದೆ ಒಪ್ಪುವುದೂ ತಪ್ಪು, ಬಿಡುವುದೂ ತಪ್ಪು.

ಮೊದಲನೆಯದು ನಾಚಿಕೆ. "ಗದ್ದೆ ತೋಟದಲ್ಲಿ ದುಡಿಯುವವರಿಗೆ ಎಂಥ ಬೊಜ್ಜು? ತಿಂದದ್ದು ಹೆಚ್ಚಾಯಿತು" ಎಂದು ಊರು ಹೇಳುತ್ತದೆ. ಆದರೆ ಗದ್ದೆಗೆ ಟಿಲ್ಲರ್ ಬಂತು, ಹುಲ್ಲಿಗೆ ಮೆಶಿನ್ ಬಂತು, ಇಗರ್ಜಿಗೂ ಸ್ಕೂಟರ್ ಬಂತು. ಅನ್ನ ಮಾತ್ರ ಮೂರು ಹೊತ್ತೂ ಹಾಗೆಯೇ ಉಳಿಯಿತು, ಬೇಕರಿ ತಿಂಡಿ ಮೇಲಿಂದ ಸೇರಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ನೂರಕ್ಕೆ 24 ಮಂದಿಯ ತೂಕ ಮಿತಿ ಮೀರಿದೆ, ಕೇರಳದಲ್ಲಿ ಸುಮಾರು 38 ಮಂದಿಯದ್ದು. ಇನ್ನೊಂದು ಸಂಗತಿ: ತೂಕ ಇಳಿಯತೊಡಗಿದರೆ ದೇಹ ಸುಮ್ಮನಿರುವುದಿಲ್ಲ. ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ. ಆದ್ದರಿಂದಲೇ ಪಥ್ಯ ಮಾಡಿ ತೂಕ ಇಳಿಸಿದವರು ಅದನ್ನು ಮತ್ತೆ ಏರಿಸಿಕೊಳ್ಳುವುದು ಸಾಮಾನ್ಯ. ಅದನ್ನು ಬರೀ ಬಾಯಿಚಪಲವೆಂದು ಹೀಗಳೆಯುವುದು ಅನ್ಯಾಯ.

ಹಾಗೆಂದು ದಪ್ಪಗಿರುವವರೆಲ್ಲ ಆಪರೇಶನ್‌ಗೆ ಓಡಬೇಕಿಲ್ಲ. ಇದಕ್ಕೊಂದು ಲೆಕ್ಕವಿದೆ. ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಆ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ನಾವು ಹೇಳಿದ ತಾಯಿ 1.55 ಮೀಟರ್ ಎತ್ತರ, 96 ಕಿಲೋ ತೂಕ. 1.55ನ್ನು 1.55ರಿಂದ ಗುಣಿಸಿದರೆ ಸುಮಾರು 2.4. 96ನ್ನು 2.4ರಿಂದ ಭಾಗಿಸಿದರೆ 40. ಇದಕ್ಕೆ ಬಿ.ಎಂ.ಐ. ಎನ್ನುತ್ತಾರೆ. 1991ರಲ್ಲಿ ಅಮೆರಿಕದ ತಜ್ಞರು 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಬೇರೆ ಕಾಯಿಲೆ ಇದ್ದವರಿಗೆ ಈ ಆಪರೇಶನ್ ಯೋಗ್ಯವೆಂದರು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘಗಳು ಈ ಮಿತಿಯನ್ನು ಇಳಿಸಿದವು. ನಮ್ಮಂಥ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹಿಡಿಯುವುದರಿಂದ ನಮ್ಮ ಮಿತಿ ಇನ್ನೂ ಕೆಳಗಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಎನ್ನುವವರಿಗೆ ಈ ಮಾತು ಅನ್ವಯಿಸದು. ಅವರು ಅನ್ನ ಕಡಿಮೆ ಮಾಡಿ ತೋಟಕ್ಕೆ ನಡೆದುಕೊಂಡು ಹೋಗಲಿ.

ಮಾಡುವುದಾದರೂ ಏನು? ಹೆಚ್ಚಾಗಿ ಎರಡು ಕ್ರಮಗಳು. ಒಂದರಲ್ಲಿ ಜಠರ, ಅಂದರೆ ತಿಂದ ಅನ್ನ ಸೇರುವ ಚೀಲ, ಅದರ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕೊಯ್ದು ತೆಗೆದು, ಬಾಳೆಕಾಯಿಯಷ್ಟು ದಪ್ಪದ ಕೊಳವೆಯನ್ನು ಉಳಿಸುತ್ತಾರೆ. ಇದು ಸ್ಲೀವ್. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆಗಿಂತ ಚಿಕ್ಕದಾದ ಚೀಲ ಮಾಡಿ, ಅದಕ್ಕೆ ಸಣ್ಣಕರುಳನ್ನು ನೇರವಾಗಿ ಜೋಡಿಸುತ್ತಾರೆ. ಇದು ಬೈಪಾಸ್. ಹೃದಯದ ಬೈಪಾಸ್ ಬೇರೆ, ಗಲಿಬಿಲಿ ಬೇಡ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಇದರ ಮೊದಲ ರೂಪವನ್ನು ಮಾಡಿದರು. ಈಗ ಎರಡನ್ನೂ ಹೊಟ್ಟೆಯ ಮೇಲೆ ಐದಾರು ಸಣ್ಣ ತೂತು ಮಾಡಿ, ದುರ್ಬೀನು ಹಾಕಿ ಮಾಡುತ್ತಾರೆ. ಎರಡು ಮೂರು ದಿನ ಆಸ್ಪತ್ರೆಯಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಜಾಗ ಚಿಕ್ಕದಾಗುವುದಷ್ಟೇ ಅಲ್ಲ, ಹಸಿವನ್ನು ಹುಟ್ಟಿಸುವ ರಸಗಳೂ ಬದಲಾಗುತ್ತವೆ. ಬೈಪಾಸ್ ಆದ ಕೆಲವರಲ್ಲಿ ತೂಕ ಇಳಿಯುವ ಮೊದಲೇ, ದಿನಗಳೊಳಗೆ, ಸಕ್ಕರೆ ಇಳಿಯುತ್ತದೆ. ಹಳೆಯ ಮಾತ್ರೆ, ಇನ್ಸುಲಿನ್ ಅದೇ ಅಳತೆಯಲ್ಲಿ ಮುಂದುವರಿಸಿದರೆ ತಲೆ ತಿರುಗಿ ಬೀಳುವ ಅಪಾಯವಿದೆ. ಮನೆಗೆ ಹೊರಡುವ ಮೊದಲೇ ಹೊಸ ಅಳತೆ ಕೇಳಿ ಬರೆಸಿಕೊಳ್ಳಿ.

ಈಗ ದೊಡ್ಡ ಹೆದರಿಕೆ: ಮೇಜಿನ ಮೇಲೆಯೇ ಸತ್ತರೆ? ಇದನ್ನು ಲೆಕ್ಕದಲ್ಲಿಯೇ ನೋಡಬೇಕು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 4,776 ಜನರ ಪೈಕಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ದೊಡ್ಡ ತೊಂದರೆಗೆ ಸಿಕ್ಕಿದವರು ನೂರಕ್ಕೆ ನಾಲ್ವರಷ್ಟು. ಸಾವಿರಕ್ಕೆ ಮೂವರೆಂಬುದು ಸೊನ್ನೆಯಲ್ಲ. ಆ ಮೂವರೂ ಯಾರದೋ ಮನೆಯವರೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಖಾಲಿಯಿಲ್ಲ. ಸ್ವೀಡನ್ ದೇಶದಲ್ಲಿ 1987ರಿಂದ ಆಪರೇಶನ್ ಆದ 2,010 ಜನರನ್ನೂ, ಅಷ್ಟೇ ತೂಕವಿದ್ದು ಆಪರೇಶನ್ ಆಗದ 2,037 ಜನರನ್ನೂ ಜೊತೆಜೊತೆಯಾಗಿ ಗಮನಿಸುತ್ತ ಬಂದರು. ಸರಾಸರಿ ಹನ್ನೊಂದು ವರ್ಷಗಳ ನಂತರ, 2007ರಲ್ಲಿ ಲೆಕ್ಕ ಹೇಳಿದಾಗ, ಆಪರೇಶನ್ ಆದವರಲ್ಲಿ 101 ಮಂದಿ ತೀರಿಕೊಂಡಿದ್ದರು, ಆಗದವರಲ್ಲಿ 129 ಮಂದಿ. ವ್ಯತ್ಯಾಸವಿದೆ, ಆದರೆ ಪವಾಡವಲ್ಲ. ಸುಮ್ಮನೆ ಕುಳಿತರೆ ಅಪಾಯವೇ ಇಲ್ಲ ಎಂಬ ಎಣಿಕೆ ಮಾತ್ರ ತಪ್ಪೆಂದು ಇದರಿಂದ ತಿಳಿಯುತ್ತದೆ.

ಈ ಅಂಕಿಗಳು ಇಂಥದ್ದನ್ನು ವರ್ಷವಿಡೀ ಮಾಡುವ ಆಸ್ಪತ್ರೆಗಳವು ಎಂಬುದನ್ನು ಮರೆಯಬೇಡಿ. ನಿಮ್ಮ ಡಾಕ್ಟರರನ್ನು ಸಂಕೋಚವಿಲ್ಲದೆ ಕೇಳಿ: ನೀವು ಈವರೆಗೆ ಎಷ್ಟು ಮಾಡಿದ್ದೀರಿ? ಹೊಲಿಗೆ ಸೋರಿದ್ದು ಎಷ್ಟು ಜನರಿಗೆ? ರಾತ್ರಿ ಹೊತ್ತು ತೊಂದರೆಯಾದರೆ ಯಾರು ನೋಡುತ್ತಾರೆ? ಒಂದು ದನ ಕೊಳ್ಳುವ ಮೊದಲು ನಾವು ಹತ್ತು ಪ್ರಶ್ನೆ ಕೇಳುವವರು. ಡಾಕ್ಟರರ ಎದುರು ಮಾತ್ರ ತಲೆ ಅಲ್ಲಾಡಿಸಿ ಬರುತ್ತೇವೆ. ಉತ್ತರ ಹೇಳಲು ಬೇಸರಪಡುವವರಾದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೇಲು. ರಾತ್ರಿ ಉಸಿರು ಕಟ್ಟುವ ವಿಷಯವನ್ನು ಮುಚ್ಚಿಡಬೇಡಿ. ಮೊದಲೇ ಪರೀಕ್ಷೆ ಮಾಡಿಸಿ ಉಸಿರಾಟದ ಯಂತ್ರ ಬಳಸಿದರೆ ಅರಿವಳಿಕೆಯ ಅಪಾಯ ತಗ್ಗುತ್ತದೆ. ಬೀಡಿ ಸಿಗರೇಟು, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು, ಇವನ್ನು ವಾರಗಳ ಮೊದಲೇ ಬಿಡಬೇಕು.

"ದೇವರು ಕೊಟ್ಟ ನೆಟ್ಟಗಿರುವ ಹೊಟ್ಟೆಯನ್ನು ಕೊಯ್ದು ಬಿಸಾಡುವುದು ಪಾಪವಲ್ಲವೇ?" ನಮ್ಮ ಹಿರಿಯರಲ್ಲಿ ಈ ಅಳುಕು ಇದೆ, ನಗುವಂಥದ್ದಲ್ಲ. 1953ರ ಅಕ್ಟೋಬರಿನಲ್ಲಿ ಪೋಪ್ 12ನೇ ಭಕ್ತಿನಾಥರು (ಪಿಯುಸ್) ಮೂತ್ರಾಂಗ ವೈದ್ಯರ ಸಭೆಯಲ್ಲಿ ಇದೇ ತರದ ಪ್ರಶ್ನೆಗೆ ಉತ್ತರಿಸಿದ್ದರು. ರೋಗವಿಲ್ಲದ ಅಂಗವನ್ನೂ ತೆಗೆಯಬಹುದು, ಆದರೆ ಅದು ಇದ್ದ ಹಾಗೆಯೇ ಇರುವುದರಿಂದ ಇಡೀ ದೇಹಕ್ಕೆ ಗಂಭೀರ ಕೇಡಾಗುತ್ತಿರಬೇಕು, ಬೇರೆ ದಾರಿ ಇರಬಾರದು, ಆಗುವ ನಷ್ಟಕ್ಕಿಂತ ಲಾಭ ಹೆಚ್ಚಿರಬೇಕು ಎಂಬುದು ಅವರ ಮಾತಿನ ಸಾರ. ಬರೀ ಚೆಂದ ಕಾಣಲು ಮಾಡಿಸುವುದಕ್ಕೂ ಇದಕ್ಕೂ ಇರುವ ಅಂತರ ಅಲ್ಲೇ ಸ್ಪಷ್ಟವಾಗುತ್ತದೆ. ಇನ್ನೊಂದು: ಆಪರೇಶನ್‌ಗೆ ಮೊದಲು ರೋಗಿಗಳ ಅಭ್ಯಂಗ ಸಂಸ್ಕಾರ ಕೇಳಿದರೆ "ಸಾಯುವವರಿಗಲ್ಲವೇ ಅದು" ಎಂದು ಮನೆಯವರು ಅಳುತ್ತಾರೆ. ಗಂಭೀರ ಆಪರೇಶನ್‌ಗೆ ಮೊದಲು ಅದನ್ನು ಪಡೆಯುವುದು ಯೋಗ್ಯವೆಂದು ಧರ್ಮಸಭೆಯೇ ಹೇಳುತ್ತದೆ. ಅಳುವ ಕಾರಣವಿಲ್ಲ.

ಇನ್ನು ನಿಜವಾಗಿ ಹೆದರಬೇಕಾದ ಸಂಗತಿ. ಅದು ಕತ್ತಿಯಲ್ಲ, ಕತ್ತಿಯ ನಂತರದ ವರ್ಷಗಳು.

ಆಪರೇಶನ್ ಆದವರು ಜೀವನಪರ್ಯಂತ ವಿಟಮಿನ್, ಕಬ್ಬಿಣ, ಸುಣ್ಣದಂಶದ ಮಾತ್ರೆ ತಿನ್ನಬೇಕು. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲ ವರ್ಷ ಇನ್ನೂ ಹೆಚ್ಚು ಸಲ. ಬಿಟ್ಟರೆ ನಾಲ್ಕೈದು ವರ್ಷಗಳ ಬಳಿಕ ಪಾದ ಜೋಮು ಹಿಡಿಯುವುದು, ಮರೆವು, ರಕ್ತ ಕಡಿಮೆಯಾಗಿ ಏದುಸಿರು, ಎಲುಬು ಸವೆಯುವುದು ಶುರುವಾಗಬಹುದು. ಹೀಗಾಗುವಾಗ ಆಪರೇಶನ್ ನೆನಪೇ ಇರುವುದಿಲ್ಲ, "ಪ್ರಾಯ ಆಯಿತು" ಎಂದುಕೊಳ್ಳುತ್ತಾರೆ. ಅಡಿಕೆಗೆ ದರ ಬಿದ್ದ ವರ್ಷವೂ ಈ ಮಾತ್ರೆಗೆ ದುಡ್ಡು ಮೀಸಲಿಡಲು ಸಾಧ್ಯವೇ? ಮಂಗಳೂರಿಗೆ ಕರೆದುಕೊಂಡು ಹೋಗಲು ಜನ ಇದ್ದಾರೆಯೇ? ಈ ಎರಡಕ್ಕೆ ಹೌದೆನ್ನಲಾಗದ ಮನೆಯವರು ಸ್ವಲ್ಪ ಕಾಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಊಟದ ಕ್ರಮವೂ ಬದಲಾಗುತ್ತದೆ. ಮೊದಲು ತಿಳಿ, ಆಮೇಲೆ ಗಂಜಿಯಂತೆ ಅರೆದದ್ದು, ವಾರಗಳ ಬಳಿಕ ಮೆತ್ತಗಿನ ಊಟ. ತಟ್ಟೆಯಲ್ಲಿ ಮೊದಲು ತಿನ್ನಬೇಕಾದದ್ದು ಮೊಟ್ಟೆ, ಬೇಯಿಸಿದ ಮೀನು, ಹೆಸರುಕಾಳು, ಮೊಸರು. ಕುಚ್ಚಲಕ್ಕಿ ಅನ್ನಕ್ಕೆ ಜಾಗ ಉಳಿದರೆ ಎರಡು ತುತ್ತು. ಚೆನ್ನಾಗಿ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಆದರೆ ಉಳಿದ ಹೊತ್ತು ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ತೋಟದಿಂದ ಬಂದು ಒಂದೇ ಉಸಿರಿಗೆ ಚೊಂಬು ನೀರು ಇಳಿಸುವ ಅಭ್ಯಾಸ ಇನ್ನು ನಡೆಯದು, ಬಾಟಲಿ ಜೊತೆಗೇ ಇರಬೇಕು. ಬೈಪಾಸ್ ಆದವರು ಮದುವೆ ಮನೆಯಲ್ಲಿ ಎರಡು ಲಾಡು ತಿಂದರೆ ಬೆವರಿ ಎದೆ ಬಡಿದು ಮಲಗಬೇಕಾದೀತು. ಗಂಡಸರಿಗೆ ಒಂದು ಮಾತು: ಬೈಪಾಸ್ ಆದ ಮೇಲೆ ಸಾರಾಯಿ, ಕಳ್ಳು ಬೇಗನೆ, ಜೋರಾಗಿ ತಲೆಗೇರುತ್ತದೆ. ಮೊದಲು ಕುಡಿಯದವರೂ ಚಟಕ್ಕೆ ಬಿದ್ದದ್ದುಂಟು. ಸೊಂಟನೋವಿಗೆ ಅಂಗಡಿಯಿಂದ ತರುವ ನೋವಿನ ಮಾತ್ರೆಗಳಿಂದ ಹೊಟ್ಟೆಹುಣ್ಣು ಬರುತ್ತದೆ, ಕೇಳದೆ ತಿನ್ನಬಾರದು. ಮಕ್ಕಳಾಗಬೇಕೆನ್ನುವ ಹೆಂಗಸರು ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸದಿರುವುದು ಕ್ಷೇಮ.

ಕೆಲಸದ ಚಿಂತೆ ಅಷ್ಟು ದೊಡ್ಡದಲ್ಲ. ಆಪರೇಶನ್ ಆದ ದಿನವೋ ಮರುದಿನವೋ ನಡೆಸುತ್ತಾರೆ. ಭಾರ ಎತ್ತುವುದು, ಹುಲ್ಲಿನ ಕಟ್ಟು ಹೊರುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ. ಅಡಿಕೆಗೆ ಮದ್ದು ಬಿಡುವ ಸಮಯ, ಕೊಯ್ಲಿನ ಸಮಯ ತಪ್ಪಿಸಿ ದಿನ ಗೊತ್ತು ಮಾಡಿಕೊಳ್ಳಿ. ಮೂರನೆಯ ತಿಂಗಳಿನಿಂದ ಕೂದಲು ಉದುರುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಚರ್ಮ ಜೋಲುತ್ತದೆ. ಮುಖ ಇಳಿದದ್ದು ನೋಡಿ "ಕ್ಯಾನ್ಸರ್ ಅಂತೆ" ಎಂದು ಊರಿನಲ್ಲಿ ಸುದ್ದಿ ಹಬ್ಬುವುದೂ ಖಂಡಿತ. ಅದಕ್ಕೆ ಔಷಧಿಯಿಲ್ಲ. ಸ್ಲೀವ್ ಆದ ಕೆಲವರಿಗೆ ಎದೆಯುರಿ ಹೆಚ್ಚುತ್ತದೆ. ಈಗಾಗಲೇ ಹುಳಿತೇಗು ಇರುವವರು ಅದನ್ನು ಮೊದಲೇ ತಿಳಿಸಬೇಕು. ಕೆಲವರಿಗೆ ವರ್ಷಗಳ ನಂತರ ಒಂದಷ್ಟು ತೂಕ ಮರಳುವುದೂ ಉಂಟು.

"ಈಗ ಇಂಜೆಕ್ಷನ್ ಬಂದಿದೆಯಲ್ಲ, ಕೊಯ್ಯುವುದು ಏಕೆ?" ಎಂದು ಕೇಳುವವರಿದ್ದಾರೆ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ಮದ್ದುಗಳು ತೂಕ ಇಳಿಸುವ ವಾರದ ಇಂಜೆಕ್ಷನ್ ಆಗಿ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಪ್ರಯೋಗಗಳಲ್ಲಿ ಇವು ತೂಕದ ನೂರಕ್ಕೆ 15ರಿಂದ 20ರಷ್ಟು ಇಳಿಸಿವೆ. ಆಪರೇಶನ್‌ನಲ್ಲಿ ಸಾಮಾನ್ಯವಾಗಿ 25ರಿಂದ 30. ಇಂಜೆಕ್ಷನ್ ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ. ಆದರೂ ಕತ್ತಿಗೆ ಒಪ್ಪದವರು ಡಾಕ್ಟರರಲ್ಲಿ ಇದನ್ನೂ ಕೇಳಲೇಬೇಕು.

ಖರ್ಚು ಲಕ್ಷಗಳ ಲೆಕ್ಕದ್ದು. ತೋಟ ಅಡವಿಡುವ ಮೊದಲು ಮನೆಯಲ್ಲಿರುವ ವಿಮೆಯ ಪುಸ್ತಕ ತೆಗೆದು ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಆರೋಗ್ಯ ವಿಮೆಗಳಲ್ಲಿ ಬೊಜ್ಜಿನ ಚಿಕಿತ್ಸೆಗೆ ಹಣ ಸಿಗದಿದ್ದರೂ, 18 ವರ್ಷ ದಾಟಿದವರಿಗೆ, ಬಿ.ಎಂ.ಐ. 40 ಇದ್ದರೆ ಅಥವಾ 35ರ ಜೊತೆ ಗಂಭೀರ ಕಾಯಿಲೆ ಇದ್ದು ಬೇರೆ ಉಪಾಯ ಫಲಿಸದಿದ್ದರೆ, ಡಾಕ್ಟರರ ಸಲಹೆಯ ಆಪರೇಶನ್‌ಗೆ ವಿನಾಯಿತಿ ಇದೆ. ಕಾಯುವ ಅವಧಿ ಎಷ್ಟೆಂದು ಏಜೆಂಟರ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೇಳಿ.

ಕೊನೆಗೆ, ಮಾಡಿಸಿದವರ ಮನೆಯಲ್ಲಿ ಗೋಡೆಗೆ ಅಂಟಿಸಬೇಕಾದದ್ದು ಇಷ್ಟು. ಮನೆಗೆ ಬಂದ ಮೊದಲ ವಾರಗಳಲ್ಲಿ ಜ್ವರ, ನಾಡಿ ಓಡುವುದು, ಹೆಚ್ಚುತ್ತಿರುವ ಹೊಟ್ಟೆನೋವು ಅಥವಾ ಭುಜನೋವು, ಉಸಿರು ಸಿಕ್ಕಿಕೊಳ್ಳುವುದು, ಒಂದೇ ಕಾಲು ಊದುವುದು, ನಿಲ್ಲದ ವಾಂತಿ: ಇವುಗಳಲ್ಲಿ ಒಂದು ಕಂಡರೂ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ಮಳೆಗಾಲದ ನಡುರಾತ್ರಿಯಾದರೂ ಗಾಡಿ ಮಾಡಿಕೊಂಡು, ಸಾಧ್ಯವಾದರೆ ಆಪರೇಶನ್ ಮಾಡಿದ ಆಸ್ಪತ್ರೆಗೇ, ಆಪರೇಶನ್ ಕಾಗದಗಳನ್ನು ಹಿಡಿದುಕೊಂಡು ಹೋಗಿ.