ಕಂಠ ನಿಮ್ಮದು, ಆಡಿಯೊ ಯಾರದು?

ಮಂಕುತಿಮ್ಮನ ಕಗ್ಗವನ್ನು ಓದಿ, ಎಂಪಿ3 ಮಾಡಿ, ಸ್ವಂತ ಜಾಲತಾಣದಲ್ಲಿ ಡೌನ್‌ಲೋಡ್‌ಗೆ ಇಡಬಯಸುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಓದಿದ್ದು ನಾನೇ, ಕಾಸೂ ಕೇಳುತ್ತಿಲ್ಲ. ಎರಡೂ ನಿಜವಿರಬಹುದು. ಆದರೆ ಕಗ್ಗವನ್ನು ಬರೆದ ಡಿ.ವಿ. ಗುಂಡಪ್ಪನವರು ತೀರಿಕೊಂಡದ್ದು 1975ರಲ್ಲಿ. ಕೃತಿಸ್ವಾಮ್ಯ ಅಧಿನಿಯಮ 1957ರ ಪ್ರಕಾರ ಲೇಖಕರ ಹಕ್ಕು ಅವರು ಕಾಲವಾದ ಮರುವರ್ಷದ ಜನವರಿ 1ರಿಂದ 60 ವರ್ಷ ಉಳಿಯುತ್ತದೆ. ಕಗ್ಗದ ಲೆಕ್ಕ 2035ರ ಡಿಸೆಂಬರ್ ಕೊನೆಗೆ ಮುಗಿಯಬೇಕು. ಅಲ್ಲಿಯವರೆಗೆ, ಹಕ್ಕುದಾರರೇ ಬಿಟ್ಟುಕೊಟ್ಟಿಲ್ಲದಿದ್ದರೆ, ಪುಸ್ತಕವನ್ನು ಪೂರ್ತಿ ಓದಿ ಹಂಚಲು ಲಿಖಿತ ಅನುಮತಿ ಬೇಕು.

ಪುಕ್ಕಟೆ ಹಂಚಿದರೆ ಬಚಾವು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ಬರೆದು ಶಿಕ್ಷೆ ಇಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ, ಅಷ್ಟೇ. ಅಪರಾಧವೇ ಅಲ್ಲ ಎಂದು ಕಾನೂನು ಎಲ್ಲೂ ಹೇಳಿಲ್ಲ. ಇನ್ನು ವಿಮರ್ಶೆ, ವ್ಯಾಖ್ಯಾನದ ನಡುವೆ ಒಂದೆರಡು ಪದ್ಯ ಉಲ್ಲೇಖಿಸುವುದು ಬೇರೆ ಮಾತು. 52ನೇ ಕಲಮು ಅದಕ್ಕೆ ಆಸ್ಪದ ಕೊಡುತ್ತದೆ. ವ್ಯಾಖ್ಯಾನದ ನೆಪದಲ್ಲಿ ಇಡೀ ಪುಸ್ತಕ ಓದಿಬಿಡುವುದಕ್ಕೆ ಕೊಡುವುದಿಲ್ಲ.

ಒಂದೇ ಆಡಿಯೊದೊಳಗೆ ಹಲವರ ಹಕ್ಕು ಸೇರಿಕೊಂಡಿರುತ್ತದೆ. ಭಾವಗೀತೆಯನ್ನೇ ತೆಗೆದುಕೊಳ್ಳಿ. ಕವಿತೆ ಕುವೆಂಪು ಅವರದಾದರೆ ಆ ಹಕ್ಕು 2054ರವರೆಗೆ. ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದಾದರೆ ಅದು ಬೇರೆಯೇ ಹಕ್ಕು, 2055ರವರೆಗೆ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕಿದೆ, 50 ವರ್ಷ. ಇವೆಲ್ಲದರ ಮೇಲೆ ಧ್ವನಿಮುದ್ರಣಕ್ಕೇ ಪ್ರತ್ಯೇಕವಾದ ಹಕ್ಕೊಂದಿದೆ, ಪ್ರಕಟವಾದ ಮರುವರ್ಷದಿಂದ 60 ವರ್ಷ. ವಚನ, ದಾಸರ ಪದ ಹಾಡುವವರಿಗೆ ಸಾಹಿತ್ಯದ ಚಿಂತೆಯಿಲ್ಲ. ವಚನಗಳನ್ನು ಸಂಪಾದಿಸಿ, 1964ರಲ್ಲಿ ನಿಧನರಾದ ಫ.ಗು. ಹಳಕಟ್ಟಿಯವರ ಸ್ವಂತ ಬರಹಗಳೂ 2025ರಿಂದ ಮುಕ್ತವಾಗಿವೆ. ಇತ್ತೀಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿ, ಹೊಸಗನ್ನಡ ರೂಪಾಂತರವನ್ನು ಓದುವಾಗ ಮಾತ್ರ ಎಚ್ಚರ ಬೇಕು.

ಧ್ವನಿಮುದ್ರಣದ ಹಕ್ಕು ಹಾಡಿದವರದಲ್ಲ, ನಿರ್ಮಾಪಕರದು. ಅದನ್ನು ಮಾಡಿಸುವ ಉಪಕ್ರಮ ಮತ್ತು ಹೊಣೆ ಹೊತ್ತವರೇ ಕಾನೂನಿನ ಕಣ್ಣಿಗೆ ನಿರ್ಮಾಪಕರು. ನೀವೇ ಹಣ ಕೊಟ್ಟು ಸ್ಟುಡಿಯೊ ಬಾಡಿಗೆಗೆ ಹಿಡಿದಿದ್ದರೆ ನೀವು. ಆಡಿಯೊ ಕಂಪನಿ ಕರೆಸಿ ಹಾಡಿಸಿದ್ದರೆ ಆ ಕಂಪನಿ. ಕ್ಯಾಸೆಟ್ ಕಾಲದಲ್ಲಿ ಹಾಡಿದ ಎಷ್ಟೋ ಗಾಯಕರು ತಮ್ಮದೇ ಹಾಡನ್ನು ಜಾಲತಾಣಕ್ಕೆ ಹಾಕಹೊರಟು ಸಿಕ್ಕಿಬೀಳುವುದು ಇಲ್ಲಿಯೇ. ಹಳೆಯ ಕರಾರು ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. 1994ರ ತಿದ್ದುಪಡಿ ಜಾರಿಗೆ ಬಂದ ಮೇಲಿನ ಕರಾರಾದರೆ, ಹಕ್ಕು ವರ್ಗಾವಣೆಯ ಅವಧಿ ಬರೆದಿರದಿದ್ದಲ್ಲಿ ಅದು 5 ವರ್ಷಕ್ಕೆ ಸೀಮಿತ. ಪ್ರದೇಶ ಬರೆದಿರದಿದ್ದಲ್ಲಿ ಭಾರತಕ್ಕೆ ಸೀಮಿತ. ಇದು ನೀವು ಬರೆದ ಸಾಹಿತ್ಯ, ನೀವು ಕಟ್ಟಿದ ರಾಗವನ್ನು ಮರಳಿ ಕೊಡಿಸಬಹುದು. ಕಂಪನಿಯೇ ಮಾಡಿಸಿದ ಧ್ವನಿಮುದ್ರಣವನ್ನು ಕೊಡಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದಕ್ಕಾಗಿ ಗುದ್ದಾಡುವುದಕ್ಕಿಂತ, ಸಾಹಿತ್ಯ ಮತ್ತು ರಾಗದ ಅನುಮತಿಯಿದ್ದರೆ, ಹೊಸದಾಗಿ ಹಾಡಿ ರೆಕಾರ್ಡ್ ಮಾಡಿಕೊಳ್ಳುವುದೇ ಸಲೀಸು.

ತಾಳಮದ್ದಳೆಯದು ಇನ್ನೊಂದು ಬಗೆಯ ತೊಡಕು. ಪ್ರಸಂಗ ಪಾರ್ತಿಸುಬ್ಬನದು, ಯಾರ ಅಪ್ಪಣೆಯೂ ಬೇಡ. ಆದರೆ ಅರ್ಥಧಾರಿಯ ಮಾತು ಆ ರಾತ್ರಿ, ಆ ವೇದಿಕೆಯಲ್ಲಿ ಹುಟ್ಟಿದ್ದು. ಕಾಯ್ದೆಯ ಪ್ರದರ್ಶಕರ ಪಟ್ಟಿಯಲ್ಲಿ ಗಾಯಕರು, ವಾದಕರು, ಉಪನ್ಯಾಸಕಾರರು ಇದ್ದಾರೆ. ಹಾವಾಡಿಗರು ಕೂಡ ಇದ್ದಾರೆ ಎಂದರೆ ಕೆಲವರಿಗೆ ನಗು ಬಂದೀತು. ಭಾಗವತರು, ಹಿಮ್ಮೇಳದವರು, ಅರ್ಥಧಾರಿಗಳು ಅದರಿಂದ ಹೊರಗುಳಿಯಲು ಕಾರಣವೇ ಇಲ್ಲ. ಸಭೆಯಲ್ಲಿ ಕುಳಿತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು ನಾನು, ಆದ್ದರಿಂದ ಅದು ನನ್ನ ಆಡಿಯೊ ಎಂಬ ವಾದ ನಿಲ್ಲುವುದಿಲ್ಲ. ಕಾರ್ಯಕ್ರಮದ ಮೊದಲೇ ಎಲ್ಲರಿಂದ ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ: ಧ್ವನಿಮುದ್ರಣ ಯಾರು ಮಾಡುತ್ತಾರೆ, ಎಲ್ಲಿ ಇಡುತ್ತಾರೆ, ಕೇಳಲು ಮಾತ್ರವೋ ಡೌನ್‌ಲೋಡ್‌ಗೂ ಉಂಟೋ, ಹಣ ಬಂದರೆ ಹಂಚಿಕೆ ಹೇಗೆ.

ಕೇಳಲು ಮಾತ್ರವೋ ಡೌನ್‌ಲೋಡ್‌ಗೂ ಉಂಟೋ ಎಂಬುದು ಸಣ್ಣ ವ್ಯತ್ಯಾಸವಲ್ಲ. ಸಂಗೀತ ಕಂಪನಿ ಟಿಪ್ಸ್ ಮತ್ತು ಆನ್‌ಲೈನ್ ಹಾಡಿನ ಸೇವೆ ವಿಂಕ್ ನಡುವಿನ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ, ಗ್ರಾಹಕರು ಹಣ ಕೊಟ್ಟು ಹಾಡನ್ನು ಶಾಶ್ವತವಾಗಿ ಇಳಿಸಿಕೊಳ್ಳುವುದು ಮಾರಾಟವೇ, ಪ್ರಸಾರವಲ್ಲ ಎಂದಿತು. ರೇಡಿಯೊ, ಟೀವಿ ಪ್ರಸಾರಕ್ಕೆ ಇರುವ ಶಾಸನಬದ್ಧ ಪರವಾನಗಿ ಇಂಟರ್ನೆಟ್ ಸೇವೆಗೆ ಒದಗುವುದಿಲ್ಲ ಎಂಬ ತೀರ್ಪನ್ನು 2022ರಲ್ಲಿ ವಿಭಾಗೀಯ ಪೀಠವೂ ಎತ್ತಿಹಿಡಿಯಿತು. ಆದ್ದರಿಂದ ಅನುಮತಿ ಪತ್ರದಲ್ಲಿ ಡೌನ್‌ಲೋಡ್ ಎಂಬ ಪದ ಕಾಣಲೇಬೇಕು. ‘ಪ್ರಸಾರ ಮಾಡಬಹುದು’ ಎಂಬ ಒಂದು ಸಾಲನ್ನು ನೆಚ್ಚಿಕೊಳ್ಳಬೇಡಿ.

ಎಲ್ಲವೂ ನಿಮ್ಮದೇ ಎಂದು ಖಾತ್ರಿಯಾದ ಮೇಲೆ, ಇಳಿಸಿಕೊಂಡವರು ಅದನ್ನೇನು ಮಾಡಬಹುದು ಎಂಬುದನ್ನು ಡೌನ್‌ಲೋಡ್ ಗುಂಡಿಯ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಿರಿ: ಸ್ವಂತಕ್ಕೆ ಕೇಳಬಹುದು, ಶಾಲೆಯಲ್ಲಿ ಕೇಳಿಸಬಹುದು, ಬೇರೆ ತಾಣಕ್ಕೆ ಹಾಕುವಂತಿಲ್ಲ, ಹೀಗೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಡುವುದಾದರೆ ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು ಎಂಬುದು ತಿಳಿದಿರಲಿ. ಪ್ರಕಟಿಸುವ ಧ್ವನಿಮುದ್ರಣದ ಮೇಲೆ ಅದನ್ನು ಮಾಡಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇರಬೇಕೆನ್ನುತ್ತದೆ 52ಎ ಕಲಮು. ಇದನ್ನು ಪುಟದಲ್ಲೂ ಕಡತದೊಳಗಿನ ವಿವರದಲ್ಲೂ ಸೇರಿಸಿ.

ನೋಂದಣಿ ಕಡ್ಡಾಯವಲ್ಲ, ಧ್ವನಿಮುದ್ರಣವಾದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ಆದರೂ ಮುಂದೆ ವ್ಯಾಜ್ಯವಾದರೆ ನೋಂದಣಿ ಪತ್ರ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಕಾಪಿರೈಟ್ ಕಚೇರಿಯ ಜಾಲತಾಣದಲ್ಲೇ ಅರ್ಜಿ ಹಾಕಬಹುದು. 2013ರ ನಿಯಮಗಳಂತೆ ಧ್ವನಿಮುದ್ರಣಕ್ಕೆ ಶುಲ್ಕ 2,000 ರೂಪಾಯಿ, ಆಕ್ಷೇಪಣೆಗೆ 30 ದಿನ ಕಾಯಬೇಕು. ಹತ್ತಾರು ಕಂತುಗಳ ಸರಣಿಗೆ ಇದು ದುಬಾರಿ. ಮೂಲ ರೆಕಾರ್ಡಿಂಗ್, ಸ್ಟುಡಿಯೊ ರಸೀದಿ, ಒಪ್ಪಿಗೆ ಪತ್ರಗಳನ್ನು ದಿನಾಂಕ ಸಮೇತ ಜೋಪಾನ ಮಾಡಿದರೆ ಬಹುಪಾಲು ಸಂದರ್ಭಕ್ಕೆ ಸಾಕು.

ನಿಮ್ಮ ಆಡಿಯೊವನ್ನು ಬೇರೆಯವರು ತಮ್ಮ ಹೆಸರಿನಲ್ಲಿ ಹಾಕಿಕೊಂಡರೆ ಮೊದಲು ಪುಟದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಆ ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ ಸಿಗಬೇಕು. ಕೊಂಡಿ ಅಥವಾ ತಾತ್ಕಾಲಿಕ ಸಂಗ್ರಹ ಒದಗಿಸುವ ಮಧ್ಯವರ್ತಿಗೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ ದೂರು ಕೊಟ್ಟರೆ, ದೂರು ಸರಿ ಎಂದು ಮನವರಿಕೆಯಾದಲ್ಲಿ 36 ಗಂಟೆಯಲ್ಲಿ ತಡೆಯಬೇಕು. ಆ ತಡೆ 21 ದಿನದ್ದು ಮಾತ್ರ. ಅಷ್ಟರಲ್ಲಿ ನೀವು ನ್ಯಾಯಾಲಯದ ಆದೇಶ ತಾರದಿದ್ದರೆ ಮತ್ತೆ ತೆರೆಯಬಹುದು. ಎಷ್ಟೋ ದೂರುಗಳು ಮುಗ್ಗರಿಸುವುದು ಈ ಮೂರು ವಾರದಲ್ಲಿ, ಹಾಗಾಗಿ ದೂರು ಕಳಿಸುವ ಮೊದಲೇ ವಕೀಲರನ್ನು ಗೊತ್ತುಮಾಡಿಕೊಳ್ಳಿ. ದಾವೆ ಹೂಡಲು ಕದ್ದವರ ಊರಿಗೆ ಅಲೆಯಬೇಕಿಲ್ಲ: ಅವರು ದಿಲ್ಲಿಯಲ್ಲಿದ್ದು ನೀವು ಶಿವಮೊಗ್ಗದಲ್ಲಿ ವಾಸವಿದ್ದರೆ, 62ನೇ ಕಲಮಿನಂತೆ ಶಿವಮೊಗ್ಗದ ಜಿಲ್ಲಾ ನ್ಯಾಯಾಲಯದಲ್ಲೇ ತಡೆಯಾಜ್ಞೆ ಮತ್ತು ನಷ್ಟ ಪರಿಹಾರ ಕೇಳಬಹುದು.